ಮುಗಿಸಿಕೊಟ್ಟ ಮಾತು

ಹನ್ನೊಂದಕ್ಕೆ ಬಾ ಅಂದಿದ್ದರೆ ಅಣ್ಣ ಹತ್ತೂಕಾಲಿಗೇ ಬಂದು ಕೂತಿದ್ದ. ಮೆಟ್ಟಿಲ ತಿರುವಿನಲ್ಲಿ ನಿಂತು ತಮ್ಮನಾದ ಅವನು ಕೆಳಗೆ ರಿಸೆಪ್ಷನ್ನಿನತ್ತ ಇಣುಕಿದ. ಮೂರು ಜನ ಕೂರುವ ಸೋಫಾ ಪೂರ್ತಿ ಖಾಲಿಯಿದ್ದರೂ ಅಣ್ಣ ಅದರ ತುದಿಯಲ್ಲಿ, ಯಾರೋ ಈಗ ಬಂದು ಏಳಿಸುತ್ತಾರೆ ಅನ್ನುವವನ ಹಾಗೆ ಕೂತಿದ್ದ. ಇಸ್ತ್ರಿ ಮಾಡಿದ ತಿಳಿನೀಲಿ ಶರ್ಟು, ಕತ್ತಿನ ಗುಂಡಿಯನ್ನೂ ಹಾಕಿಕೊಂಡಿದ್ದಾನೆ, ಮೊಣಕಾಲ ಮೇಲೆ ಕನ್ನಡಕದ ಡಬ್ಬಿ. ಬೆನ್ನ ಹಿಂದೆ ಟೀವಿ ಕಾರ್ಟೂನಿನ ಗಾಡಿ ಮಾವ, ಆಳೆತ್ತರಕ್ಕೆ ರಟ್ಟಿನಲ್ಲಿ ಕತ್ತರಿಸಿ ನಿಲ್ಲಿಸಿದ್ದು. ಉಬ್ಬಿದ ಕೆನ್ನೆ, ಹೊರಗೆ ಬಂದ ಕಣ್ಣು, ತುಟಿ ಬಿಗಿದು 'ಪ' ಅನ್ನಲು ತಯಾರಾದ ಬಾಯಿ. ಯಾವುದೋ ಕಂಪನಿಯಿಂದ ಬಂದಿದ್ದ ಇಬ್ಬರು ಹುಡುಗಿಯರಿಗೆ ಗಾಡಿ ಮಾವನ ಜೊತೆ ಫೋಟೋ ಬೇಕಿತ್ತು. ಅಣ್ಣ ತಟ್ಟನೆ ಎದ್ದು ಪಕ್ಕಕ್ಕೆ ಸರಿದ. ಸರಿದವನು ಸುಮ್ಮನಿರಬಾರದೇ, ಕೈ ಚಾಚಿ ಅವರ ಫೋನು ಇಸಕೊಂಡು ತಾನೇ ಫೋಟೋ ತೆಗೆದುಕೊಟ್ಟ. ಹುಡುಗಿಯರು ಕೆನ್ನೆ ಉಬ್ಬಿಸಿ 'ಪ-ಪ-ಪ-ಪ' ಅಂದು ನಕ್ಕರು. ಅಣ್ಣನೂ ನಕ್ಕ. ಇಳಿದು ಹೋಗಿ 'ಬಾ ಅಣ್ಣ, ಕಾಫಿ ಕುಡಿಯೋಣ' ಅನ್ನಬಹುದಿತ್ತು. ಅವನು ಸದ್ದಾಗದ ಹಾಗೆ ಮತ್ತೆ ಮೇಲೆ ಹತ್ತಿ, ತನ್ನ ಕೋಣೆಯ ಬಾಗಿಲು ಹಾಕಿಕೊಂಡು, ಮುಕ್ಕಾಲು ಗಂಟೆ ಹಳೇ ಮೇಲ್‌ಗಳನ್ನು ಅಳಿಸುತ್ತ ಕೂತ. ಥೂ, ಎಂಥ ಮನುಷ್ಯನಪ್ಪಾ ನಾನು ಅಂದುಕೊಂಡ. ಅಂದುಕೊಂಡು ಇನ್ನೂ ಹತ್ತು ಅಳಿಸಿದ.

ಮೇಜಿನ ಮೇಲೆ, ಪೆನ್ನು ಇಡುವ ಲೋಟದ ಪಕ್ಕ, ಹೋದ ವರ್ಷ ಬಂದ ಪ್ರಶಸ್ತಿ ಇತ್ತು. ಗಾಜಿನ ಬಾತುಕೋಳಿ. ಬಾತುಕೋಳಿ ಯಾಕೆ ಅಂತ ಅದನ್ನು ಕೊಟ್ಟವರಿಗೂ ಗೊತ್ತಿರಲಿಲ್ಲ. ಹನ್ನೊಂದು ವರ್ಷದಿಂದ ವಾರಕ್ಕೊಮ್ಮೆ ಟೀವಿಯಲ್ಲಿ ಬರುವ ಈ ಕಾರ್ಟೂನ್ ಕಾಮೆಡಿಯನ್ನು ಬರೆದವನು ಅವನು. ಗಾಡಿ ಮಾವನನ್ನು ಹುಟ್ಟಿಸಿದವನು ಅವನು. ಗಾಡಿ ಮಾವನ ದನಿಯೂ ಅವನದೇ. ಗಾಡಿ ಮಾವ ರೈಲ್ವೆ ಟಿಕೆಟ್ ಕೌಂಟರಿನ ಗುಮಾಸ್ತ. ಮಾತು ಶುರುವಾಗಬೇಕಾದರೆ ಹಳೇ ಗಾಡಿಯ ಇಂಜಿನ್ನಿನ ಹಾಗೆ ಪ-ಪ-ಪ-ಪ ಅನ್ನಬೇಕು. ಅಷ್ಟರಲ್ಲಿ ಸಾಲಿನಲ್ಲಿ ನಿಂತವರಿಗೆ ಗಡ್ಡ ಬೆಳೆದು, ರೈಲು ಹೊರಟುಹೋಗಿ, ಮಕ್ಕಳು ಮೊಮ್ಮಕ್ಕಳಾಗಿರುತ್ತವೆ. ಬಾತುಕೋಳಿ ಬಂದ ಕಂತು ಮಾತ್ರ ಬೇರೆ ತರಹದ್ದು. ಅದರಲ್ಲಿ ಒಂದು ಊರು. ಆ ಊರಲ್ಲಿ ಯಾರೂ ಯಾರಿಗೂ ನೋವಾಗುವಂಥ ಮಾತು ಆಡಬಾರದು ಅಂತ ಕಾನೂನು ಬರುತ್ತೆ. ಕುಳ್ಳನನ್ನು ಕುಳ್ಳ ಅನ್ನುವ ಹಾಗಿಲ್ಲ, ಉದ್ದನೆಯವನನ್ನು ಉದ್ದ ಅನ್ನುವ ಹಾಗಿಲ್ಲ, ಕೊನೆಗೆ ಸೌತೆಕಾಯಿಯನ್ನು ಕಹಿ ಅಂದರೂ ದಂಡ. ಎಲ್ಲರೂ ಬಾಯಿ ಹೊಲಿದುಕೊಂಡು ಕೂತಾಗ ಊರವರೆಲ್ಲ ಸೇರಿ ಗಾಡಿ ಮಾವನನ್ನು ಅಧ್ಯಕ್ಷನನ್ನಾಗಿ ಮಾಡುತ್ತಾರೆ. ಯಾಕಂದರೆ ಮಾತೇ ಮುಗಿಸದವನಿಂದ ಯಾರಿಗೆ ತಾನೇ ನೋವಾದೀತು? ಆ ಸಾಲಿಗೆ ಸಭಾಂಗಣ ಬಿದ್ದು ಬಿದ್ದು ನಕ್ಕಿತ್ತು. ವೇದಿಕೆಯ ಮೇಲೆ ಬಾತುಕೋಳಿ ಹಿಡಿದುಕೊಂಡು 'ಹಾಸ್ಯಕ್ಕೆ ಎಲ್ಲರೂ ಒಂದೇ' ಅಂತ ಅವನು ಭಾಷಣ ಬೇರೆ ಮಾಡಿದ್ದ.

ಎರಡು ವಾರದ ಹಿಂದೆ ಚಾನೆಲ್ಲಿಗೆ ಒಬ್ಬ ತಾಯಿಯ ಕಾಗದ ಬಂತು. ಬೈಗುಳದ ಕಾಗದಗಳು ಬರುತ್ತಲೇ ಇದ್ದವು, ಅವನ್ನು ಓದಿ ನಗುವುದಕ್ಕೇ ಶುಕ್ರವಾರ ಸಂಜೆ ಇಟ್ಟುಕೊಂಡಿದ್ದರು. ಇದರಲ್ಲಿ ಬೈಗುಳ ಇರಲಿಲ್ಲ. 'ನನ್ನ ಮಗಳು ಶಾಲೆಯಲ್ಲಿ ಹಾಜರಿ ಕರೆದರೆ ಈಗ ಕೈ ಮಾತ್ರ ಎತ್ತುತ್ತಾಳೆ. ಬಾಯಿ ತೆಗೆದರೆ ಉಳಿದ ಮಕ್ಕಳು ಗಾಡಿ ಮಾವನ ಹಾಗೆ ಹಾರ್ನ್ ಹೊಡೆಯುತ್ತವೆ. ಮನೆಯಲ್ಲೂ ಮಾತು ಕಡಿಮೆ ಮಾಡಿದ್ದಾಳೆ. ನಿಮಗೆ ತಿಳಿದಿರಲಿ ಅಂತ ಬರೆದಿದ್ದೇನೆ.' ಇಷ್ಟೇ. ಕಾಗದವನ್ನು ಮೀಟಿಂಗಿನಲ್ಲಿ ಓದಿದವಳು ಕತ್ತರಿ ಮೇಡಂ, ಯಾರ ಮನಸ್ಸೂ ನೋಯದ ಹಾಗೆ ಸ್ಕ್ರಿಪ್ಟ್ ತಿದ್ದಲು ಚಾನೆಲ್ಲಿನವರು ಇಟ್ಟಿದ್ದ ಸಲಹೆಗಾರ್ತಿ. ಆ ಹೆಸರು ಇಟ್ಟವನೂ ಅವನೇ. ಗಾಡಿ ಮಾವನನ್ನು ಇನ್ನು ಸಾಕು ಮಾಡೋಣ ಅಂದಳು ಆಕೆ. ಡೈರೆಕ್ಟರು ಜಾಹೀರಾತಿನವರ ಮುಖ ನೆನೆಸಿಕೊಂಡು ನೀರು ಕುಡಿದರು. ಆಗ ಎಲ್ಲಿಂದ ಬಂತೋ ಆ ಮಾತು, ಅವನ ಬಾಯಿಂದ ಬಂದೇಬಿಟ್ಟಿತು: "ನಮ್ಮಣ್ಣನಿಗೇ ಮಾತು ತಡೆಯುತ್ತೆ ಮೇಡಂ. ಹುಟ್ಟಿದಾಗಿನಿಂದ. ಗಾಡಿ ಮಾವನ್ನ ನೋಡಿ ನಮ್ಮನೇಲಿ ಎಲ್ಲರಿಗಿಂತ ಜಾಸ್ತಿ ನಗೋನು ಅವನೇ." ಹನ್ನೊಂದು ವರ್ಷದಲ್ಲಿ ಅವನು ಯಾರ ಹತ್ತಿರವೂ ಅಣ್ಣನ ವಿಷಯ ಎತ್ತಿರಲಿಲ್ಲ. ಡೈರೆಕ್ಟರು ಲೋಟ ಇಟ್ಟು, "ಅಯ್ಯೋ, ಇದನ್ನ ಮೊದಲೇ ಹೇಳಬಾರದೇನಯ್ಯ! ಅವರನ್ನೇ ಕರಿ. ದನಿ ಅವರೇ ಕೊಡಲಿ. ನಿಜವಾದವರೇ ಕೊಟ್ಟರೆ ಯಾರು ಏನನ್ನೋಕಾಗುತ್ತೆ?" ಅಂದರು. ಕತ್ತರಿ ಮೇಡಂ ಅವನ ಮುಖವನ್ನೇ ನೋಡುತ್ತಿದ್ದಳು. "ಅವರು ನಗ್ತಾರೆ ಅನ್ನೋದನ್ನ ನಾನು ಅವರ ಬಾಯಿಂದ ಕೇಳಬೇಕು," ಅಂದಳು.

ಅಣ್ಣ ನಕ್ಕಿದ್ದನ್ನು ಅವನು ಯಾವಾಗ ನೋಡಿದ್ದ? ಆ ರಾತ್ರಿಯೆಲ್ಲ ಲೆಕ್ಕ ಹಾಕಿದ. ಕಾರ್ಯಕ್ರಮ ಬರುವ ಹೊತ್ತಿಗೆ ಅಣ್ಣನ ಮನೆಗೆ ಹೋದಾಗಲೆಲ್ಲ ಟೀವಿ ಕೆಟ್ಟಿರುತ್ತಿತ್ತು. 'ಬೆಳಗ್ಗೆಯಿಂದ ಬರ್ತಾನೇ ಇಲ್ಲ ನೋಡು' ಅನ್ನುತ್ತಿದ್ದಳು ಅತ್ತಿಗೆ, ರಿಮೋಟನ್ನು ಸೆರಗಿಗೆ ಒರೆಸುತ್ತ. 'ಕೇಬಲ್ಲಿನವನಿಗೆ ಹೇಳಿದೀವಿ.' ಅವನು 'ಪರವಾಗಿಲ್ಲ ಬಿಡಿ ಅತ್ತಿಗೆ, ನಾನು ಬರೆದಿದ್ದನ್ನ ನಾನೇ ನೋಡೋದಾ' ಅಂತ ದೊಡ್ಡ ಮನಸ್ಸು ಮಾಡುತ್ತಿದ್ದ. ಹನ್ನೊಂದು ವರ್ಷ ವಾರಕ್ಕೆ ಅರ್ಧ ಗಂಟೆ ಮಾತ್ರ ಕೆಡುವ ಟೀವಿ ಯಾವ ಅಂಗಡಿಯಲ್ಲಿ ಸಿಗುತ್ತೆ? ಇದು ಹೊಳೆಯುವುದಕ್ಕೆ ಅವನಿಗೆ ಇಷ್ಟು ದಿನ ಬೇಕಾಯಿತು, ಊರಿಗೆಲ್ಲ ಜೋಕು ಹೊಳೆಯಿಸುವವನಿಗೆ. ಮಾರನೇ ದಿನ ಅಣ್ಣನ ಕನ್ನಡಕದ ಅಂಗಡಿಗೆ ಹೋಗಿ, ಕೌಂಟರಿನ ಗಾಜಿನ ಮೇಲೆ ಬೆರಳಾಡಿಸುತ್ತ, ದೊಡ್ಡ ಅವಕಾಶ ಅಣ್ಣ, ಟೀವೀಲಿ ನಿನ್ನ ದನಿ, ಸುಮ್ಮನೆ ಒಂದು ಗಂಟೆ ಬಂದು ಹೋಗು, ಅವರು ಏನಾದರೂ ಕೇಳಿದರೆ ಒಂದು ಮಾತು ಹೇಳು ಸಾಕು ಅಂದ. ಏನು ಹೇಳಬೇಕು ಅನ್ನುವುದನ್ನು ಹೇಳಲಿಲ್ಲ. ಹೇಳುವ ಮುಂಚೆಯೇ ಅಣ್ಣ ಆಯ್ತು ಅಂತ ತಲೆಯಾಡಿಸಿಬಿಟ್ಟಿದ್ದ. ಯಾವುದೇ ವಿಷಯಕ್ಕೂ ಅಣ್ಣ ತಲೆಯಾಡಿಸುವುದೇ ಹೆಚ್ಚು.

ಹನ್ನೊಂದಕ್ಕೆ ಎರಡು ನಿಮಿಷ ಇರುವಾಗ ಅವನು ಓಡೋಡಿ ಇಳಿದು ಬಂದವನ ಹಾಗೆ ಏದುಸಿರು ಬಿಡುತ್ತ ರಿಸೆಪ್ಷನ್ನಿಗೆ ಬಂದ. "ಈಗ ಬಂದ್ಯಾ ಅಣ್ಣ? ಒಂದು ಅರ್ಜೆಂಟ್ ಮೀಟಿಂಗಲ್ಲಿ ಸಿಕ್ಕಾಕೊಂಡಿದ್ದೆ." ಅಣ್ಣ ಹೌದು ಅನ್ನುವ ಹಾಗೆ ತಲೆಯಾಡಿಸಿದ. ಲಿಫ್ಟಿನಲ್ಲಿ ಇಬ್ಬರೇ. ಅಣ್ಣ "ಮ…" ಅಂದು ನಿಂತ. ಕಣ್ಣು ಮುಚ್ಚಿತು, ಎಡಗೈ ತೊಡೆಯನ್ನು ಒತ್ತಿ ಹಿಡಿಯಿತು. "ಮೂರನೇ ಮಹಡಿ, ಹೂಂ," ಅಂತ ಅವನು ಮುಗಿಸಿಕೊಟ್ಟ. ಅಣ್ಣ ಕಣ್ಣು ತೆರೆದು ತಲೆಯಾಡಿಸಿದ. ಮುಗಿಸಿಕೊಡುವುದು ಅವನ ಮೊದಲ ಕೆಲಸ, ಅಮ್ಮ ಕೊಟ್ಟಿದ್ದು. 'ಅಣ್ಣನಿಗೆ ಮಾತು ತಡೆದರೆ ನೀನು ಮುಗಿಸಿಕೊಡು ಮಗಾ, ಜನ ನೋಡ್ತಾ ನಿಲ್ಲಬಾರದು.' ಅಂಗಡಿಯಲ್ಲಿ, ಸ್ಕೂಲಿನಲ್ಲಿ, ಡಾಕ್ಟರ ಹತ್ತಿರ, ಮೂರು ವರ್ಷಕ್ಕೆ ಚಿಕ್ಕವನಾದ ಅವನು ಅಣ್ಣನ ಪಕ್ಕ ನಿಂತು, ಮೊದಲ ಅಕ್ಷರ ಬಿದ್ದ ಕೂಡಲೇ ಉಳಿದದ್ದನ್ನು ತಾನು ಎತ್ತಿಕೊಳ್ಳುತ್ತಿದ್ದ. ಬಲೇ ಚುರುಕು ಅಂತಿದ್ದರು ಎಲ್ಲರೂ. ಯಾರು ಯಾವ ಹೊತ್ತಿಗೆ ಏನು ಹೇಳಿಯಾರು ಅಂತ ಊಹಿಸುವುದನ್ನು, ಅಂದರೆ ಇವತ್ತಿಗೂ ಅವನಿಗೆ ಅನ್ನ ಹಾಕುತ್ತಿರುವ ಸಂಭಾಷಣೆ ಬರೆಯುವುದನ್ನು, ಅವನು ಕಲಿತದ್ದು ಅಲ್ಲೇ. ಒಮ್ಮೆ ಬಸ್ಸಿನಲ್ಲಿ ಕಂಡಕ್ಟರು ಎಲ್ಲಿಗೆ ಅಂದಾಗ ಅಣ್ಣ "ಆ…" ಅಂದ. ಇವನು "ಆಸ್ಪತ್ರೆ ಸ್ಟಾಪ್!" ಅಂದ. ಅಣ್ಣ ತಲೆಯಾಡಿಸಿದ. ಆಸ್ಪತ್ರೆಯ ಹತ್ತಿರ ಇಳಿದ ಮೇಲೆ ಅಣ್ಣ ಏನೂ ಹೇಳದೆ ಬಂದ ದಾರಿಯಲ್ಲೇ ಹಿಂದಕ್ಕೆ ನಡೆಯತೊಡಗಿದ. ಅವರು ಇಳಿಯಬೇಕಾಗಿದ್ದುದು ಆಟದ ಮೈದಾನದ ಹತ್ತಿರ. ಎರಡು ಸ್ಟಾಪಿನಷ್ಟು ದೂರ, ಬಿಸಿಲಲ್ಲಿ. ದಾರಿಯುದ್ದಕ್ಕೂ ಅವನು 'ನೀನೇ ತಲೆಯಾಡಿಸಿದೆಯಲ್ಲ' ಅಂತ ಅಣ್ಣನ ಮೇಲೇ ರೇಗಿದ್ದ. ಲಿಫ್ಟಿನ ಬಾಗಿಲು ತೆರೆದಾಗ ಅವನಿಗೆ ಅನುಮಾನ ಬಂತು, ಅಣ್ಣ ಮೂರನೇ ಮಹಡಿ ಅನ್ನಲು ಹೊರಟಿರಲೇ ಇಲ್ಲವೇನೋ. ಕೇಳುವ ಹೊತ್ತು ಮೀರಿತ್ತು.

ರೆಕಾರ್ಡಿಂಗ್ ಕೋಣೆ ಗಾಜಿನಿಂದ ಎರಡು ಭಾಗ. ಆ ಕಡೆ ಅಣ್ಣ, ಮೈಕು, ಎದುರಿಗೆ ಪರದೆ. ಈ ಕಡೆ ಡೈರೆಕ್ಟರು, ಕತ್ತರಿ ಮೇಡಂ, ಸೌಂಡಿನವನು, ಹಿಂದೆ ಗೋಡೆಗೆ ಒರಗಿ ಅವನು. ಕಾರ್ಟೂನಿನಲ್ಲಿ ದನಿ ಮೊದಲು, ಬಾಯಿ ಆಮೇಲೆ. ದನಿ ಕೇಳಿಕೊಂಡು ಕಲಾವಿದರು ತುಟಿ ಬರೆಯುತ್ತಾರೆ. ಮೊದಮೊದಲು ಬರೀ ಅಂದಾಜಿಗೆ ಅಂತ ಯಾರೋ ಒಬ್ಬರು ಓದಿ ಕೊಡುತ್ತಾರೆ, ಅದನ್ನು ಕಚ್ಚಾ ದನಿ ಅಂತಾರೆ, ನಟ ಬಂದ ಮೇಲೆ ಅಳಿಸಿ ಹಾಕುತ್ತಾರೆ. ಮೊದಲ ಕಂತಿನ ದಿನ ನಟ ಬರಲಿಲ್ಲ, ಕಲಾವಿದರು ಕೈಕಟ್ಟಿ ಕೂತಿದ್ದರು, ಸರಿ ಅಂತ ಅವನೇ ಮೈಕಿನ ಮುಂದೆ ನಿಂತು ಪ-ಪ-ಪ-ಪ ಅಂದ. ಡೈರೆಕ್ಟರು ಕುರ್ಚಿಯಿಂದ ಬೀಳುವ ಹಾಗೆ ನಕ್ಕು, 'ಇದನ್ನ ಅಳಿಸಬೇಡ್ರೋ! ಎಲ್ಲಿತ್ತಯ್ಯಾ ನಿನ್ನ ಹತ್ತಿರ ಇದು?' ಅಂದಿದ್ದರು. 'ಹಾಗೇ ಬಂತು ಸಾರ್.' ಹಾಗೇ ಬಂತಂತೆ! ಚಿಕ್ಕಪ್ಪನ ಮನೆಯ ಹಜಾರ, ಸುತ್ತ ಹದಿನೈದು ಜನ ನೆಂಟರು, ಒಂಬತ್ತು ವರ್ಷದ ಅವನನ್ನು ಚಿಕ್ಕಪ್ಪ ಸ್ಟೂಲಿನ ಮೇಲೆ ನಿಲ್ಲಿಸಿ 'ಎಲ್ಲಿ, ಅಣ್ಣನ ಹಾಗೆ ಮಾತಾಡು ನೋಡೋಣ' ಅಂದದ್ದು. ಅವನು ಮಾತಾಡಿದ್ದು. ಕೆನ್ನೆ ಉಬ್ಬಿಸಿ, ಕಣ್ಣು ಹೊರಗೆ ಬಿಟ್ಟು, ಒಂದು ಅಕ್ಷರವೂ ತಪ್ಪದ ಹಾಗೆ. ಅತ್ತೆಯೊಬ್ಬಳು ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಆಗ ಬಾಗಿಲಲ್ಲಿ ಅಣ್ಣ ನಿಂತಿದ್ದ, ತಟ್ಟೆಯಲ್ಲಿ ನೀರಿನ ಲೋಟ ಜೋಡಿಸಿಕೊಂಡು. ಅಣ್ಣನೂ ನಕ್ಕ. ನಕ್ಕು, ಎಲ್ಲರಿಗೂ ಒಂದೊಂದು ಲೋಟ ನೀರು ಕೊಟ್ಟ. ಸ್ಟೂಲಿನ ಮೇಲಿದ್ದ ಅವನಿಗೂ.

"ಶುರು ಮಾಡೋಣವಾ ಸಾರ್?" ಅಂದ ಸೌಂಡಿನವನು ಮೈಕಿನಲ್ಲಿ. "ನಿಮಗೆ ಹೆಂಗೆ ಬರುತ್ತೋ ಹಂಗೇ ಹೇಳಿ. ಟೆನ್ಷನ್ ಬೇಡ."

ಪರದೆಯ ಮೇಲೆ, ತಮ್ಮನ ದನಿಗೆ ಆಗಲೇ ಬರೆದಿಟ್ಟಿದ್ದ ಗಾಡಿ ಮಾವನ ಬಾಯಿ ಪಟಪಟ ಬಡಿದುಕೊಂಡಿತು. ಅಣ್ಣನ ಬಾಯಿ ಮುಚ್ಚಿಯೇ ಇತ್ತು. ಕಣ್ಣೂ ಮುಚ್ಚಿತ್ತು. ಗಾಡಿ ಮಾವ ತನ್ನ ಸಾಲು ಮುಗಿಸಿ, ಜನ ಮುದುಕರಾಗಿ, ರೈಲು ಹೊರಟುಹೋದ ಮೇಲೆ, ಖಾಲಿ ಪರದೆಯ ಮುಂದೆ ಅಣ್ಣ ಮೆಲ್ಲಗೆ, ಸ್ಪಷ್ಟವಾಗಿ, "ಪಕ್ಕದ ಕೌಂಟರಿಗೆ ಹೋಗಿ," ಅಂದ. ಸೌಂಡಿನವನು ಡೈರೆಕ್ಟರ ಮುಖ ನೋಡಿದ. ಇನ್ನೊಂದು ಸಲ. ಮತ್ತೂ ಹಾಗೇ. ಉದ್ದದ ಮೌನ, ಆಮೇಲೆ ಇಡೀ ಮಾತು. ಅಣ್ಣ ಪ-ಪ-ಪ ಅನ್ನುವುದೇ ಇಲ್ಲ. ಯಾವಾಗ ಬಿಟ್ಟ? ಆ ಸ್ಟೂಲಿನ ದಿನದಿಂದಲೇ. ಅವತ್ತಿನಿಂದ ಅಣ್ಣ ಅಕ್ಷರವನ್ನು ಹೊರಗೆ ಬಿಡುವುದು ನಿಲ್ಲಿಸಿ ಒಳಗೇ ಕಟ್ಟಿಹಾಕಲು ಕಲಿತ. 'ಈಗ ಎಷ್ಟೋ ವಾಸಿ, ದೇವರು ದೊಡ್ಡವನು' ಅಂತ ಅಮ್ಮ ಎಲ್ಲರಿಗೂ ಹೇಳಿಕೊಂಡು ಬಂದಿದ್ದಳು.

"ಚೆನ್ನಾಗಿದೆ, ಆದರೆ ತೊದಲು ಸಾಲ್ತಿಲ್ವಲ್ಲ," ಅಂದರು ಡೈರೆಕ್ಟರು.

"ತೊದಲು ಅನ್ನಬೇಡಿ ಸಾರ್," ಅಂದಳು ಕತ್ತರಿ ಮೇಡಂ.

"ಮತ್ತೇನನ್ನಲಮ್ಮ?"

"ಮಾತಿನ ಭಿನ್ನತೆ."

"ಸರಿ. ಭಿನ್ನತೆ ಸಾಲ್ತಿಲ್ಲ. ಸ್ವಲ್ಪ ಜಾಸ್ತಿ ಭಿನ್ನತೆ ಬೇಕು ಅಂತ ಹೇಳಪ್ಪ ಅವರಿಗೆ."

ಬೇರೆ ದಿನವಾಗಿದ್ದರೆ ಇದನ್ನು ಅವನು ಅಂಗೈ ಮೇಲೆ ಬರೆದುಕೊಂಡು ಮುಂದಿನ ವಾರದ ಕಂತಿಗೆ ಸೇರಿಸುತ್ತಿದ್ದ. ಇವತ್ತು ಗೋಡೆಯ ತಂಪು ಬೆನ್ನಿಗೆ ತಾಗುತ್ತಿತ್ತು. ಸೌಂಡಿನವನು ಬುದ್ಧಿವಂತ, "ಹಳೇ ದನೀನ ಕಿವೀಲಿ ಹಾಕ್ತೀನಿ ಸಾರ್, ಅದರ ಜೊತೇಲೇ ಹೇಳ್ಕೊಂಡು ಹೋಗಲಿ," ಅಂದ. ಬೇಡ ಅನ್ನಲು ಅವನು ಬಾಯಿ ತೆರೆಯುವಷ್ಟರಲ್ಲಿ ಗುಂಡಿ ಒತ್ತಿ ಆಗಿತ್ತು. ಗಾಜಿನ ಆಚೆ ಅಣ್ಣನ ತಲೆ ಮೇಲೆದ್ದಿತು. ಹೆಡ್‌ಫೋನಿನ ಮೇಲೆ ಎರಡೂ ಕೈ ಇಟ್ಟುಕೊಂಡು ಅಣ್ಣ ಕೇಳಿದ, ಪೂರ್ತಿ ಕೇಳಿದ, ಮಧ್ಯದಲ್ಲಿ ಒಮ್ಮೆ ಮಾತ್ರ ಗಾಜಿನ ಮೂಲಕ ಅವನ ಕಡೆ ನೋಡಿದ. ಸಿಟ್ಟಿನ ನೋಟವಾಗಿದ್ದರೆ ತಡೆದುಕೊಳ್ಳಬಹುದಿತ್ತು. ಕಳೆದುಹೋದ ಸಾಮಾನು ಯಾರದೋ ಮನೆಯ ಕಪಾಟಿನಲ್ಲಿ ಕಂಡವನು ನೋಡುವ ಹಾಗಿತ್ತು ಅದು. ಎರಡನೇ ಸಲ ದನಿ ಓಡಿದಾಗ ಅಣ್ಣ ಅದರ ಜೊತೆ ಜೊತೆಗೇ ಬಾಯಿ ತೆರೆದ. "ಪ-ಪ-ಪ-ಪ-ಪಕ್ಕದ ಕೌ-ಕೌ-ಕೌಂಟರಿಗೆ ಹೋಗಿ!" ಒಂದು ಎಳೆ ಆಚೀಚೆ ಇಲ್ಲ. ಇಬ್ಬರು ಒಟ್ಟಿಗೆ ಮಾತಾಡಿದರೆ ಅಣ್ಣನಿಗೆ ಮಾತು ತಡೆಯುವುದಿಲ್ಲ, ಚಿಕ್ಕಂದಿನಲ್ಲಿ ಮಗ್ಗಿ ಒಟ್ಟಿಗೆ ಹೇಳುವಾಗ ಅವನಿಗಿದು ಗೊತ್ತಿತ್ತು, ಮರೆತಿದ್ದ. ಅಣ್ಣ ಎಲ್ಲಿಯೂ ನಿಲ್ಲದೆ, ಉಸಿರು ಕಟ್ಟದೆ, ಸರಾಗವಾಗಿ ತನ್ನದೇ ತೊದಲನ್ನು ತಮ್ಮನಿಂದ ಕಲಿತು ಒಪ್ಪಿಸಿದ. ಕಂತಿನ ಹನ್ನೆರಡು ಸಾಲೂ. ಡೈರೆಕ್ಟರು ಎದ್ದು ನಿಂತು ಚಪ್ಪಾಳೆ ಹೊಡೆದರು. "ನೋಡ್ರಪ್ಪ, ನಿಜವಾದವರದು ನಿಜವಾದವರದೇ!" ಗಾಜಿನ ಆಚೆ ಅಣ್ಣ ಬೆವರಿದ ಮುಖದಲ್ಲಿ ನಗುತ್ತಿದ್ದ. ಚಪ್ಪಾಳೆ ಅಣ್ಣನಿಗೆ ಅದೇ ಮೊದಲು.

ಹೊರಗೆ ಬಂದ ಮೇಲೆ ಕತ್ತರಿ ಮೇಡಂ ಕುರ್ಚಿ ಎಳೆದು ಅಣ್ಣನನ್ನು ಕೂರಿಸಿದಳು, ತಾನೂ ಎದುರಿಗೆ ಕೂತಳು. ಅವಳ ಕೈಯಲ್ಲಿ ಆ ತಾಯಿಯ ಕಾಗದ. ಅದನ್ನು ಅವಳು ಮೆಲ್ಲಗೆ ಅಣ್ಣನಿಗೆ ಓದಿ ಹೇಳಿದಳು. ಹಾಜರಿ ಕರೆದರೆ ಕೈ ಮಾತ್ರ ಎತ್ತುತ್ತಾಳೆ ಅನ್ನುವಲ್ಲಿ ಅಣ್ಣ ತನ್ನ ಬಲಗೈಯನ್ನು ಒಮ್ಮೆ ನೋಡಿಕೊಂಡ. "ನಿಮ್ಮನ್ನ ಒಂದೇ ಒಂದು ಪ್ರಶ್ನೆ ಕೇಳ್ತೀನಿ," ಅಂದಳು ಆಕೆ. "ಗಾಡಿ ಮಾವನ್ನ ನೋಡಿದಾಗ ನಿಮಗೆ ಏನನ್ಸುತ್ತೆ? ನಿಧಾನವಾಗಿ ಹೇಳಿ, ನಮಗೇನೂ ಆತುರ ಇಲ್ಲ." ಅಣ್ಣ "ನ…" ಅಂದ. ಕಣ್ಣು ಮುಚ್ಚಿತು. ಕೈ ತೊಡೆಯನ್ನು ಒತ್ತಿತು. ಕತ್ತಿನ ನರ ಎದ್ದಿತು. ಡೈರೆಕ್ಟರು ನೆಲ ನೋಡಿದರು, ಸೌಂಡಿನವನು ವೈರು ಸುತ್ತತೊಡಗಿದ. ಜನ ನೋಡ್ತಾ ನಿಲ್ಲಬಾರದು. ಹೆದರಿಕೆಗೋ ಅಭ್ಯಾಸಕ್ಕೋ ಪ್ರೀತಿಗೋ, ಇವತ್ತಿಗೂ ಅವನಿಗೆ ಬಿಡಿಸಿ ಹೇಳಲು ಬರುವುದಿಲ್ಲ, ಅವನ ಬಾಯಿ ಮುಂದೆ ಹೋಗಿ ಎತ್ತಿಕೊಂಡಿತು:

"ನಗು ಬರುತ್ತೆ ಅಂತಾನೆ ಮೇಡಂ."

"ಅವರೇ ಹೇಳಲಿ," ಅಂದಳು ಆಕೆ, ಕೈ ಎತ್ತಿ. ಆದರೆ ಅಣ್ಣ ಕಣ್ಣು ತೆರೆದಿದ್ದ. ಅವನನ್ನು ನೋಡಿದ. ಆಮೇಲೆ ಮೇಡಂ ಕಡೆ ತಿರುಗಿ ತಲೆಯಾಡಿಸಿದ.

ಅವನು ಅಣ್ಣನನ್ನು ಗೇಟಿನವರೆಗೂ ಬಿಡಲು ಹೋಗಲಿಲ್ಲ, ಮೆಟ್ಟಿಲವರೆಗೆ ಹೋದ. ಅಂಗಡಿ ಬಾಗಿಲು ತೆರೆಯಲು ಹೊತ್ತಾಯಿತು ಅಂತ ಅಣ್ಣ ಗಡಿಯಾರ ತೋರಿಸಿದ. ಎರಡು ಮೆಟ್ಟಿಲು ಇಳಿದವನು ನಿಂತು, ತಮ್ಮನ ಕೈಯಲ್ಲಿದ್ದ ಸ್ಕ್ರಿಪ್ಟಿನ ಕಡೆ ಬೆರಳು ತೋರಿಸಿ, ತೋಳು ಉದ್ದ ಚಾಚಿ ಓದುವವನ ಹಾಗೆ ಅಭಿನಯಿಸಿ ತೋರಿಸಿದ. "ನಂ… ನಂಬರು ಬದಲಾಗಿದೆ ನಿಂದು. ಅಂ…" ಅವನು "ಅಂಗಡಿಗೆ ಬರ್ತೀನಿ, ಸಂಜೆ" ಅಂದುಬಿಟ್ಟ. ಈ ಸಲ ಸರಿಯಾಗಿಯೇ ಇತ್ತು. ಸರಿಯಾಗಿದ್ದುದೂ ಅವನಿಗೆ ಚುಚ್ಚಿತು. ವಾಪಸು ಬಂದಾಗ ಕತ್ತರಿ ಮೇಡಂ ಒಂದು ಹಾಳೆ ಟೈಪು ಮಾಡಿ ಇಟ್ಟಿದ್ದಳು. 'ಗಾಡಿ ಮಾವನನ್ನು ನೋಡಿದಾಗ ನನಗೆ ನಗು ಬರುತ್ತದೆ.' ಕೆಳಗೆ ಸಹಿಗೆ ಗೆರೆ. ಅದನ್ನು ಮುಂದಿನ ಕಂತಿನ ಆರಂಭದಲ್ಲಿ ತೋರಿಸುತ್ತಾರೆ, ಆ ತಾಯಿಗೂ ಒಂದು ಪ್ರತಿ ಹೋಗುತ್ತದೆ. "ನಾನಾಗಿದ್ದರೆ ಗಾಡಿ ಮಾವನ್ನ ನಿಲ್ಲಿಸ್ತಿದ್ದೆ," ಅಂದಳು ಆಕೆ. "ಆದರೆ ಅವರಿಗೇ ಇಲ್ಲದ ನೋವನ್ನ ಅವರ ಪರವಾಗಿ ನಾನು ಪಡೋದು ತಪ್ಪು. ನೀವು ಹೇಳಿದ್ದನ್ನ ನಾನು ತಗೊಳಲ್ಲ, ಅವರ ಸಹಿ ತನ್ನಿ." ಅವಳಿಗೆ ಕತ್ತರಿ ಅಂತ ಹೆಸರಿಟ್ಟದ್ದಕ್ಕೆ ಅವನಿಗೆ ಮೊದಲ ಸಲ ನಾಚಿಕೆಯಾಯಿತು. ನಿಜ ಹೇಳಿದರೆ? ಅಣ್ಣನನ್ನು ಕೇಳಿಯೇ ಇರಲಿಲ್ಲ, ಆ ದನಿ ನನ್ನದಲ್ಲ, ಅವನದೇ, ನಗುತ್ತಾನೆ ಅಂದದ್ದು ಸುಳ್ಳು ಅಂದರೆ ಗಾಡಿ ಮಾವನೂ ಹೋಗುತ್ತಾನೆ, ಅವನೂ ಹೋಗುತ್ತಾನೆ. ಐವತ್ತು ಹತ್ತಿರ ಬರುತ್ತಿರುವ, ಪ-ಪ-ಪ ಅನ್ನುವುದು ಬಿಟ್ಟು ಬೇರೇನೂ ಬರದ ಬರಹಗಾರನನ್ನು ಇನ್ಯಾರು ಇಟ್ಟುಕೊಳ್ಳುತ್ತಾರೆ? ಹಾಳೆಯನ್ನು ನಾಲ್ಕಾಗಿ ಮಡಿಸಿ ಜೇಬಿನಲ್ಲಿಟ್ಟುಕೊಂಡ.

ಅಣ್ಣನ ಅಂಗಡಿ ಒಂದು ಬಾಗಿಲಿನದು. ಎರಡು ಗೋಡೆಗೂ ಫ್ರೇಮುಗಳು, ನಡುನಡುವೆ ಕನ್ನಡಿ, ಒಳಗಡೆ ಒಂದು ಕುರ್ಚಿ, ಅದರೆದುರು ಅಕ್ಷರಗಳ ಹಲಗೆ. ಅವನು ಹೋದಾಗ ಕುರ್ಚಿಯಲ್ಲಿ ಒಬ್ಬ ಅಜ್ಜಿ ಕೂತಿದ್ದಳು. ಅಣ್ಣ ತೆಳ್ಳನೆಯ ಕೋಲನ್ನು ಒಂದು ಅಕ್ಷರದ ಕೆಳಗೆ ಇಡುತ್ತಾನೆ, ಸುಮ್ಮನೆ ನಿಲ್ಲುತ್ತಾನೆ. ಅಜ್ಜಿ ಕಣ್ಣು ಕಿರಿದು ಮಾಡುತ್ತಾಳೆ, ತಪ್ಪು ಹೇಳುತ್ತಾಳೆ, ಅಲ್ಲ ಅಲ್ಲ ತಾಳು ಅನ್ನುತ್ತಾಳೆ, ಮತ್ತೆ ನೋಡುತ್ತಾಳೆ. ಅಣ್ಣ ಹೇಳಿಕೊಡುವುದಿಲ್ಲ. ಲೆನ್ಸು ಬದಲಿಸುತ್ತಾನೆ, ಮತ್ತೆ ನಿಲ್ಲುತ್ತಾನೆ. ಅಜ್ಜಿಗೆ ಆ ಅಕ್ಷರ ಸಿಗುವ ತನಕ ಅಂಗಡಿಯಲ್ಲಿ ಯಾರಿಗೂ ಬೇರೆ ಕೆಲಸವೇ ಇಲ್ಲ ಅನ್ನುವ ಹಾಗಿತ್ತು. ಬಾಗಿಲಲ್ಲಿ ನಿಂತ ಅವನಿಗೆ ಮಾತ್ರ ಆ ಅಕ್ಷರ ಹೇಳಿಬಿಡಬೇಕು ಅಂತ ನಾಲಿಗೆ ತುರಿಸುತ್ತಿತ್ತು. ಅಜ್ಜಿ ಹೋದ ಮೇಲೆ ಅಣ್ಣ ಕುರ್ಚಿ ತಟ್ಟಿದ. ಅವನು ಕೂತ. ಭಾರದ ಗುಂಡನೆಯ ಫ್ರೇಮನ್ನು ಮೂಗಿನ ಮೇಲೆ ಕೂರಿಸಿ, ಒಂದೊಂದೇ ಲೆನ್ಸು ಹಾಕಿ ತೆಗೆದು, ಅಣ್ಣ ಅವನ ಕೈಯಿಂದ ಎಲ್ಲ ಸಾಲನ್ನೂ ಓದಿಸಿದ. ಕೊನೆಯ ಸಾಲಿನಲ್ಲಿ ಅವನು ತಡವರಿಸಿದ, ಊಹಿಸಿ ಹೇಳಿದ. ಅಣ್ಣ ಇಲ್ಲ ಅನ್ನುವ ಹಾಗೆ ಕೋಲನ್ನು ಅಲ್ಲೇ ಇಟ್ಟುಕೊಂಡು ನಿಂತ.

ಅವನು ಫ್ರೇಮು ತೆಗೆಯದೆಯೇ ಜೇಬಿನಿಂದ ಹಾಳೆ ತೆಗೆದು ಕೊಟ್ಟ. "ಇದಕ್ಕೊಂದು ಸಹಿ ಬೇಕಂತೆ ಅಣ್ಣ." ಅಣ್ಣ ಓದಿದ. ಒಂದೇ ಸಾಲು, ಎಷ್ಟು ಹೊತ್ತು ಬೇಕು? ಓದಿ, ಕೌಂಟರಿನ ಮೇಲಿಟ್ಟು, ಜೇಬಿನಿಂದ ಪೆನ್ನು ತೆಗೆದ. ಹಾಕಿಬಿಡುತ್ತಿದ್ದ. ಅವತ್ತು ಎಲ್ಲರಿಗೂ ಲೋಟ ಹಂಚಿದ ಹಾಗೆ ಹಾಕಿಬಿಡುತ್ತಿದ್ದ, ಅವನು ಹಾಳೆ ಮಡಿಸಿಕೊಂಡು ಮನೆಗೆ ಹೋಗಿ ಊಟ ಮಾಡಿ ಮಲಗಬಹುದಿತ್ತು. ಪೆನ್ನಿನ ತುದಿ ಗೆರೆಯ ಮೇಲೆ ಬಂದಾಗ ಅವನು ಅಣ್ಣನ ಮಣಿಕಟ್ಟು ಹಿಡಿದ.

"ಅಣ್ಣ. ಬೆಳಗ್ಗೆ ಆ ಮೇಡಂ ಕೇಳಿದಾಗ ನೀನು ಏನು ಹೇಳೋಕೆ ಹೊರಟಿದ್ದೆ?"

ಅಣ್ಣ ಬಿಡು ಅನ್ನುವ ಹಾಗೆ ಕೈಯಾಡಿಸಿದ.

"ಇಲ್ಲ, ಹೇಳು. ನಾನು ಬಾಯಿ ಹಾಕಲ್ಲ."

ಅಣ್ಣ ಪೆನ್ನು ಇಟ್ಟ. "ನ…" ಅಂದ. ಕಣ್ಣು ಮುಚ್ಚಿತು. ಎಡಗೈ ತೊಡೆಗೆ ಹೋಯಿತು. ಅವನ ನಾಲಿಗೆಯ ಮೇಲೆ ಆಗಲೇ ಹತ್ತು ಮಾತು ಬಂದು ಕೂತಿದ್ದವು, ನಗು, ನಾಚಿಕೆ, ನನಗೇನು, ನಿನ್ನ ಇಷ್ಟ. ಹಲ್ಲು ಕಚ್ಚಿ ಹಿಡಿದುಕೊಂಡ. ಹೊರಗೆ ಯಾರೋ ಸ್ಕೂಟರು ಶುರು ಮಾಡಲು ಒದ್ದರು, ಒದ್ದರು, ಬಿಟ್ಟು ನಡೆದರು. ಒಬ್ಬ ಗಿರಾಕಿ ಬಾಗಿಲಿಗೆ ಬಂದು, ಒಳಗಿನ ಇಬ್ಬರ ಮುಖ ನೋಡಿ, ಆಮೇಲೆ ಬರೋಣ ಅಂತ ಹೋದ. ಇಷ್ಟೊಂದು ಹೊತ್ತು ಹಿಡಿಯುತ್ತದೆಯೇ ಒಂದು ಮಾತಿಗೆ? ಅವನಿಗೆ ಗೊತ್ತೇ ಇರಲಿಲ್ಲ. ಅಣ್ಣನ ಒಂದು ಮಾತಾದರೂ ತಾನಾಗಿ ಬರುವ ತನಕ ಅವನು ಜನ್ಮದಲ್ಲಿ ಕಾದಿರಲಿಲ್ಲ.

"ನನಗೆ ನೋವಾಗಿದೆ," ಅಂದ ಅಣ್ಣ.

ಹೌದು ಅಣ್ಣ, ತಪ್ಪಾಯ್ತು ಅಣ್ಣ ಅಂತ ಅವನು ಬಾಯಿ ತೆರೆದೇಬಿಟ್ಟಿದ್ದ. ಆಗ ಕಂಡಿತು, ಅಣ್ಣನ ಕಣ್ಣು ಇನ್ನೂ ಮುಚ್ಚಿಯೇ ಇತ್ತು, ಕೈ ಇನ್ನೂ ತೊಡೆಯನ್ನು ಒತ್ತಿಯೇ ಇತ್ತು. ಮಾತು ಮುಗಿದಿರಲಿಲ್ಲ. ತೆರೆದ ಬಾಯಿ ಮುಚ್ಚಿಕೊಂಡು ಮತ್ತೆ ಕಾದ.

"ಆ… ಆದರೆ ನನ್ನ ತಮ್ಮನ ಕೆಲಸ… ತ… ತೆಗೀಬೇಡಿ." ಅಣ್ಣ ಕಣ್ಣು ತೆರೆದ. "ಅಂ… ಅಂತ."

ಅವನು ಅತ್ತನೋ ಇಲ್ಲವೋ, ಆ ದಪ್ಪ ಲೆನ್ಸುಗಳ ಹಿಂದೆ ಗೊತ್ತಾಗುವ ಹಾಗಿರಲಿಲ್ಲ. ಹಾಳೆ ಎಳೆದುಕೊಂಡು ಟೈಪು ಮಾಡಿದ್ದ ಸಾಲನ್ನು ಹೊಡೆದು ಹಾಕಿದ. ಕೆಳಗೆ ಕೈಯಲ್ಲಿ ಬರೆದ: ನನಗೆ ನೋವಾಗಿದೆ. ಚುಕ್ಕೆ ಇಟ್ಟ. ಆಯಿತು, ನಾಳೆಯಿಂದ ಕ್ಯಾಂಟೀನಿನವನೂ ಮಾತಾಡಿಸುವುದಿಲ್ಲ, ಬಾತುಕೋಳಿಯನ್ನು ರಟ್ಟಿನ ಡಬ್ಬಿಯಲ್ಲಿ ಹಾಕಿಕೊಂಡು ಇಳಿದು ಬರಬೇಕು, ಬರಲಿ, ಹಾಗೇ ಆಗಬೇಕು ನನಗೆ ಅಂದುಕೊಂಡಾಗ ಎದೆಯಲ್ಲಿ ಒಂದು ತರಹದ ಹಗುರ, ಹೆಮ್ಮೆಯಂಥದ್ದೂ ಸುಳಿಯಿತು. ಹಾಳೆಯನ್ನು ಅಣ್ಣನ ಕಡೆಗೆ ಸರಿಸಿದ.

ಅಣ್ಣ ಓದಿದ. "ಇ… ಇನ್ನೊಂದು?"

"ಅದು ಬೇಡ ಅಣ್ಣ. ಇಷ್ಟು ಸಾಕು."

ಅಣ್ಣ ಅವನನ್ನು ನೋಡಿದ. ಬಿಸಿಲಲ್ಲಿ ಎರಡು ಸ್ಟಾಪು ವಾಪಸು ನಡೆದ ದಿನವೂ ಹೀಗೆ ನೋಡಿರಲಿಲ್ಲ. ಈ ಸಲ ಅಣ್ಣ ತಲೆಯಾಡಿಸಲಿಲ್ಲ. ಹಾಳೆಯನ್ನು ವಾಪಸು ತಳ್ಳಿ, ಬೆರಳನ್ನು ಚುಕ್ಕೆಯ ಪಕ್ಕ ಇಟ್ಟ, ಹಲಗೆಯ ಅಕ್ಷರದ ಕೆಳಗೆ ಕೋಲು ಇಡುವ ಹಾಗೆ.

"ಪೂ… ಪೂರ್ತಿ ಬರಿ. ನಾ… ನಾನು ಹೇಳಿದ್ದು ಅಷ್ಟೂ."

ಬೆರಳು ಅಲ್ಲೇ ಇತ್ತು. ಅಣ್ಣನಿಗೆ ಯಾವ ಆತುರವೂ ಇರಲಿಲ್ಲ. ಅವನು ಪೆನ್ನು ಎತ್ತಿಕೊಂಡ. ನಾಳೆ ಅದನ್ನು ಮೇಡಂ ಓದುತ್ತಾಳೆ, ಡೈರೆಕ್ಟರು ಓದುತ್ತಾರೆ, ಕೈ ಮಾತ್ರ ಎತ್ತುವ ಆ ಹುಡುಗಿಯ ತಾಯಿ ಓದುತ್ತಾಳೆ, ತನ್ನನ್ನು ಬಿಟ್ಟುಬಿಡಿ ಅನ್ನುವ ಮಾತು ತನ್ನದೇ ಕೈಬರಹದಲ್ಲಿ. ಬರೆದ. ಆದರೆ. ನನ್ನ ತಮ್ಮನ. ಕೆಲಸ. ಹೊಸ ನಂಬರಿನ ಲೆನ್ಸಿನಲ್ಲಿ ಅಕ್ಷರಗಳು ಒಂದೊಂದೂ ದಪ್ಪಗೆ, ಸ್ಪಷ್ಟವಾಗಿ ಕಾಣುತ್ತಿದ್ದವು, ಎಲ್ಲಿಯೂ ಕಣ್ಣು ತಪ್ಪಿಸಲು ಆಗಲಿಲ್ಲ. ಕೊನೆಯ ಅಕ್ಷರದವರೆಗೂ ಬರೆದು ಮುಗಿಸಿದ ಮೇಲೆ ಅಣ್ಣ ಹಾಳೆ ತೆಗೆದುಕೊಂಡು ಎರಡು ಸಲ ಓದಿದ. ಆಮೇಲೆ ಸಹಿ ಹಾಕಿದ.